ಅಡ್ಡಗೋಲೂ ಅಡ್ಡಗಾಲೂ

ಆಟದ ಬಯಲಿಗೆ ರಾಜಕಾರಣವನ್ನು ತರಕೂಡದೆಂಬ ಮಾತು ಸುಭಾಷಿತದ ಗೌರವವನ್ನು ಸಂಪಾದಿಸಿಕೊಂಡು ಬಹುಕಾಲವಾಯಿತು. ಬಹುಮಾನ ಹಂಚುವ ಮಹನೀಯರು ಅದನ್ನು ಆಡುವರು, ಪತ್ರಿಕೆಗಳಲ್ಲಿ ಬರೆಯುವವರು ಅದನ್ನು ಬರೆಯುವರು, ಕೇಳಿದವರು ತಲೆದೂಗುವರು. ಮಾತು ಇಂಪಾಗಿರುವುದೇನೋ ದಿಟ. ಆದರೆ ಇಂಪಾದುದೆಲ್ಲವೂ ಸತ್ಯವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಒಂದು ಮಾತಿನ ಬೆಲೆಯನ್ನು ಅರಿಯಬೇಕಾದರೆ ಅದನ್ನು ಯಾರು ಆಡಿದರು, ಯಾವ ಸಮಯದಲ್ಲಿ ಆಡಿದರು, ಅದರಿಂದ ಯಾರ ಬಾಯಿ ಮುಚ್ಚಿತು, ಯಾರ ಕೈ ಬಿಚ್ಚಿತು ಎಂಬಿಷ್ಟನ್ನೂ ವಿಚಾರಿಸಬೇಕು. ೧೯೩೬ನೆಯ ಇಸವಿಯ ಬರ್ಲಿನ್ ಒಲಿಂಪಿಕ್ ಕ್ರೀಡಾಮಹೋತ್ಸವದ ಪೂರ್ವರಂಗದಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡಿದವರುಂಟು. ಅದರ ಮರೆಯಲ್ಲಿ ಒಬ್ಬ ತರುಣಿಯ ಕಾಲ ಕೆಳಗಿನ ನೆಲವನ್ನೇ ಕಿತ್ತುಕೊಂಡವರುಂಟು. ಆ ತರುಣಿಯ ಹೆಸರು ಗ್ರೆಟೆಲ್ ಬೆರ್ಗ್‌ಮನ್. ಆಕೆಯ ವೃತ್ತಾಂತವನ್ನು ಆಮೂಲಾಗ್ರವಾಗಿ ಪರಿಶೀಲಿಸಿದ ಮೇಲೂ ಈ ಸುಭಾಷಿತವನ್ನು ಹಿಂದಿನ ಧೈರ್ಯದಿಂದಲೇ ಆಡಬಲ್ಲವರಿದ್ದರೆ ಅವರು ಆಡಲಿ.

ಮೊದಲು ಆ ಆಟದ ಸ್ವರೂಪವನ್ನು ತಿಳಿದುಕೊಳ್ಳುವುದು ಯುಕ್ತ. ಎತ್ತರ ಜಿಗಿತವೆಂಬುದು ಪಂದ್ಯಗಳಲ್ಲೆಲ್ಲ ಅತ್ಯಂತ ಸರಳವಾದುದು. ಎರಡು ಕಂಬಗಳು, ಅವುಗಳ ಮೇಲೆ ಸಡಿಲವಾಗಿ ಇರಿಸಿದ ಒಂದು ಅಡ್ಡಗೋಲು. ಕೋಲು ಬೀಳದಂತೆ ದಾಟಿದವರು ಮುಂದಿನ ಎತ್ತರಕ್ಕೆ ಅರ್ಹರು. ಒಂದೇ ಸಮನೆ ಮೂರು ಸಲ ತಪ್ಪಿದವರು ಅಲ್ಲಿಗೆ ನಿಲ್ಲತಕ್ಕವರು. ಸಂಗೀತದಲ್ಲಿ ತೀರ್ಪುಗಾರನ ಕಿವಿಯ ದೋಷವುಂಟು. ಕಾವ್ಯದಲ್ಲಿ ವಿಮರ್ಶಕನ ರಾಗದ್ವೇಷವುಂಟು. ಮಲ್ಲಯುದ್ಧದಲ್ಲಿಯೂ ಯಾರ ಬೆನ್ನು ಮಣ್ಣು ಮುಟ್ಟಿತೆಂಬ ವಾಗ್ವಾದವುಂಟು. ಇಲ್ಲಿ ಅಂಥದಕ್ಕೆ ಎಡೆಯಿಲ್ಲ. ಕೋಲು ಇದ್ದಲ್ಲಿಯೇ ಇದೆಯೋ ಬಿದ್ದಿದೆಯೋ ಎಂಬುದು ಪ್ರತ್ಯಕ್ಷಪ್ರಮಾಣದಿಂದಲೇ ಸಿದ್ಧ. ಅಡ್ಡಗೋಲು ಗೋತ್ರವನ್ನು ಕೇಳುವುದಿಲ್ಲ, ಮತವನ್ನು ಕೇಳುವುದಿಲ್ಲ. ಹೀಗಿರುವುದರಿಂದ ಅನ್ಯಾಯವನ್ನು ಮಾಡಬೇಕೆಂದು ಸಂಕಲ್ಪಿಸಿದವನು ಕೋಲಿನ ಬಳಿಯಲ್ಲಿ ಅದನ್ನು ಮಾಡಲಾರನು. ಆಟಗಾರ್ತಿ ಕೋಲಿನ ಬಳಿಗೆ ಬರುವುದಕ್ಕೆ ಮುಂಚೆಯೇ ಮಾಡಬೇಕು. ಅಡ್ಡಗೋಲನ್ನು ಕೆಡಿಸಲಾರದವರು ಅಡ್ಡಗಾಲು ಹಾಕುವರು.

ಸ್ತ್ರೀಯರ ಎತ್ತರ ಜಿಗಿತಕ್ಕೆ ಒಲಿಂಪಿಕ್ ಮಹೋತ್ಸವದಲ್ಲಿ ಪ್ರವೇಶ ದೊರೆತುದು ೧೯೨೮ರಲ್ಲಿ, ಆಮ್‌ಸ್ಟರ್‌ಡಾಮ್ ನಗರದಲ್ಲಿ. ಅಂದು ಕೆನಡಾ ದೇಶದ ಎಥೆಲ್ ಕ್ಯಾಥರ್‌ವುಡ್ ೧.೫೯ ಮೀಟರು ದಾಟಿ ಗೆದ್ದಳು. ೧೯೩೨ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಅಮೆರಿಕದ ಜೀನ್ ಶೈಲಿ ೧.೬೫ ಮೀಟರು ದಾಟಿದಳು. ೨೦೨೪ನೆಯ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಉಕ್ರೇನಿನ ಯಾರೊಸ್ಲಾವಾ ಮಹೂಚಿಖ್ ೨.೧೦ ಮೀಟರು ದಾಟಿದುದನ್ನು ಕೇಳಿದವರಿಗೆ ಈ ಹಳೆಯ ಅಂಕಿಗಳು ಅಲ್ಪವೆಂದು ತೋರಬಹುದು. ಹಾಗೆ ಭಾವಿಸತಕ್ಕುದಲ್ಲ. ಅಂದಿನವರು ಕತ್ತರಿಯ ಅಲಗುಗಳಂತೆ ಕಾಲುಗಳನ್ನು ಒಂದಾದ ಮೇಲೊಂದು ಬೀಸಿ ದಾಟುತ್ತಿದ್ದರು. ಬೀಳುತ್ತಿದ್ದುದು ಮರಳಿನ ಗುಂಡಿಯಲ್ಲಿ. ಬೆನ್ನು ಕೆಳಗಾಗಿ ಹಾರುವ ರೀತಿ ಲೋಕಪ್ರಸಿದ್ಧವಾದುದು ೧೯೬೮ರಲ್ಲಿ ಮೆಕ್ಸಿಕೊ ನಗರದಲ್ಲಿ ಅಮೆರಿಕದ ಡಿಕ್ ಫಾಸ್‌ಬರಿ ಗೆದ್ದ ಮೇಲೆ. ಆದುದರಿಂದ ಆ ಕಾಲದ ೧.೬೦ ಮೀಟರು ಎಂಬುದು ಒಲಿಂಪಿಕ್ ಪದಕಕ್ಕೆ ತಕ್ಕ ಎತ್ತರವೇ ಸರಿ. ಈ ಅಂಕಿಯನ್ನು ವಾಚಕಮಹಾಶಯರು ನೆನಪಿನಲ್ಲಿ ಇರಿಸಿಕೊಳ್ಳಬೇಕು. ಮುಂದಿನ ವಿಚಾರವೆಲ್ಲವೂ ಇದರ ಸುತ್ತಲೇ ತಿರುಗತಕ್ಕುದು.

ಬೆರ್ಗ್‌ಮನ್ ಹುಟ್ಟಿದುದು ೧೯೧೪ನೆಯ ಇಸವಿ ಏಪ್ರಿಲ್ ೧೨ರಂದು, ದಕ್ಷಿಣ ಜರ್ಮನಿಯ ಲೌಪ್‌ಹೈಮ್ ಎಂಬ ಸಣ್ಣ ಪಟ್ಟಣದ ಒಂದು ಯೆಹೂದ್ಯ ವರ್ತಕ ಕುಟುಂಬದಲ್ಲಿ. ಬಾಲ್ಯದಿಂದಲೂ ಓಟದಲ್ಲಿಯೂ ಜಿಗಿತದಲ್ಲಿಯೂ ಆಕೆಗೆ ಒಲವು. ಸಮೀಪದ ಉಲ್ಮ್ ಪಟ್ಟಣದ ಕ್ರೀಡಾಸಂಘದಲ್ಲಿ ಆಕೆಯ ಅಭ್ಯಾಸ ಸಾಗುತ್ತಿದ್ದಿತು. ೧೯೩೩ನೆಯ ಜನವರಿ ೩೦ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಆ ವರ್ಷದ ವಸಂತ ಮುಗಿಯುವುದರೊಳಗಾಗಿ, ನಿನ್ನೆಯವರೆಗೂ ಆಕೆಯ ಜಯವನ್ನು ತನ್ನ ಜಯವೆಂದು ಹೇಳಿಕೊಳ್ಳುತ್ತಿದ್ದ ಸಂಘವೇ ಆಕೆಯನ್ನು ಹೊರಹಾಕಿತು. ಬರ್ಲಿನ್ನಿನ ವ್ಯಾಯಾಮವಿದ್ಯಾಲಯದಲ್ಲಿ ಓದಬೇಕೆಂದಿದ್ದ ಆಸೆಗೂ ಬಾಗಿಲು ಮುಚ್ಚಿತು. ಆಕೆಯ ಜಿಗಿತದಲ್ಲಿ ಒಂದು ಅಂಗುಲವೂ ಕುಗ್ಗಿರಲಿಲ್ಲ; ಹೆಸರಿನ ಮುಂದೆ ಬರೆಯತಕ್ಕ ಜಾತಿಗೆ ಮಾತ್ರ ಹೊಸ ಬೆಲೆ ಕಟ್ಟಲಾಗಿತ್ತು. ಹತ್ತೊಂಬತ್ತು ವರ್ಷದ ಆ ಹುಡುಗಿ ಕಡಲು ದಾಟಿ ಇಂಗ್ಲೆಂಡಿಗೆ ಹೋದಳು. ೧೯೩೪ರಲ್ಲಿ ಅಲ್ಲಿಯ ಸ್ತ್ರೀಯರ ರಾಷ್ಟ್ರೀಯ ಪಂದ್ಯದಲ್ಲಿ ೧.೫೫ ಮೀಟರು ದಾಟಿ ಪ್ರಥಮಸ್ಥಾನವನ್ನು ಪಡೆದಳು. ತನ್ನವರು ಬೇಡವೆಂದುದನ್ನು ಪರರು ಮೆಚ್ಚಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ದೇಶತ್ಯಾಗದ ಅನೇಕ ಕಥೆಗಳಲ್ಲಿ ಒಂದಾಗುತ್ತಿತ್ತು. ಆದರೆ ಬೇಡವೆಂದು ನೂಕಿದವರಿಗೇ ಆಕೆ ಮತ್ತೆ ಬೇಕಾದಳು. ಕಾರಣವೇನು? ೧೯೩೬ರ ಮಹೋತ್ಸವವನ್ನು ಬರ್ಲಿನ್ನಿಗೆ ಕೊಟ್ಟುದು ೧೯೩೧ರಲ್ಲಿ, ನಾಜಿಗಳು ಬರುವುದಕ್ಕೆ ಮೊದಲು. ಅವರು ಬಂದ ಬಳಿಕ, ಯೆಹೂದ್ಯರನ್ನು ಹೊರಗಿಡುವ ದೇಶಕ್ಕೆ ಆಟವಾಡಲು ಹೋಗತಕ್ಕುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಬಲವಾಗಿ ಎದ್ದಿತು. ಯೆಹೂದ್ಯರನ್ನು ತತ್ತ್ವತಃ ಹೊರಗಿಡುವುದಿಲ್ಲವೆಂದು ಜರ್ಮನಿಯವರು ೧೯೩೩ರಲ್ಲಿಯೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ವಚನವಿತ್ತಿದ್ದರು. ವಚನವನ್ನು ನಂಬಿಸಬೇಕಾದರೆ ತೋರಿಸುವುದಕ್ಕೆ ಕೆಲವು ಹೆಸರುಗಳು ಬೇಕು. ಬೆರ್ಗ್‌ಮನ್ನಳ ಹೆಸರು ಅಂಥ ಕಾರ್ಯಕ್ಕೆ ಅನುಕೂಲವಾಗಿತ್ತು. ಹಿಂದಿರುಗದಿದ್ದರೆ ಊರಿನಲ್ಲಿರುವ ಮನೆಯವರಿಗೆ ಕೇಡು ತಪ್ಪದೆಂಬ ಬೆದರಿಕೆ ಆಕೆಗೆ ಮುಟ್ಟಿತು. ಆಕೆ ಹಿಂದಿರುಗಿದಳು. ಜರ್ಮನ್ ತಂಡದ ಅಭ್ಯಾಸಶಿಬಿರದಲ್ಲಿ ಆಕೆಯ ಹೆಸರು ಸೇರಿತು. ಪರದೇಶದ ಪತ್ರಿಕೆಗಳು ಅದನ್ನು ಓದಿದವು. ಆದರೆ ರಾಷ್ಟ್ರೀಯ ಪಂದ್ಯದಲ್ಲಿ ಸ್ಪರ್ಧಿಸುವುದಕ್ಕೆ ಅನುಮತಿಯಿಲ್ಲ. ಏಕೆಂದರೆ ಆಕೆ ಅಂಗೀಕೃತ ಸಂಘದ ಸದಸ್ಯಳಲ್ಲ. ಏಕೆ ಸದಸ್ಯಳಲ್ಲವೆಂದರೆ ಯೆಹೂದ್ಯಳು. ತಾವೇ ಕಾಲಿಗೆ ಸರಪಳಿಯನ್ನು ತೊಡಿಸಿ, ಇವಳು ನಡೆಯುವುದಿಲ್ಲವೆಂದು ದೂರುವವರ ತರ್ಕವಿದು.

ಈ ಸಮಯದಲ್ಲಿಯೇ ಮೇಲೆ ಹೇಳಿದ ಸುಭಾಷಿತ ತನ್ನ ಕೆಲಸವನ್ನು ಮಾಡಿತು. ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದ ಏವರಿ ಬ್ರಂಡೇಜ್ ೧೯೩೪ರಲ್ಲಿ ಜರ್ಮನಿಗೆ ಹೋಗಿ, ತೋರಿಸಿದುದನ್ನು ನೋಡಿ, ಸಂತುಷ್ಟನಾಗಿ ಹಿಂದಿರುಗಿದನು. ಆಟಕ್ಕೂ ರಾಜಕಾರಣಕ್ಕೂ ಸಂಬಂಧವಿಲ್ಲವೆಂಬುದು ಅವನ ಪಕ್ಷ. ೧೯೩೫ನೆಯ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿ ಕ್ರೀಡಾಸಂಘಟನೆಯ ಸಭೆಯಲ್ಲಿ ಅತ್ಯಲ್ಪ ಅಂತರದಿಂದ ಅವನ ಪಕ್ಷ ಗೆದ್ದಿತು. ಬರ್ಲಿನ್ನಿಗೆ ಹೋಗಕೂಡದೆಂದು ಬಹಿರಂಗವಾಗಿ ವಾದಿಸಿದ ಅಮೆರಿಕದ ಅರ್ನೆಸ್ಟ್ ಲೀ ಜಾಂಕಿ ಎಂಬಾತನನ್ನು ೧೯೩೬ರಲ್ಲಿ ಅಂತರರಾಷ್ಟ್ರೀಯ ಸಮಿತಿ ಹೊರಹಾಕಿತು; ಅವನ ಸ್ಥಾನಕ್ಕೆ ಬಂದವನು ಬ್ರಂಡೇಜನೇ. ರಾಜಕಾರಣ ಬೇಡವೆಂದವರ ರಾಜಕಾರಣ ಎಷ್ಟು ಚೊಕ್ಕಟವಾಗಿ ನಡೆಯಿತೆಂಬುದನ್ನು ಯಾರೂ ನೋಡಬಹುದು. ಹಿಂದಿನವರು ಘಟ್ಟಕುಟೀಪ್ರಭಾತನ್ಯಾಯವೆಂಬುದೊಂದನ್ನು ಹೇಳುತ್ತಿದ್ದರು. ಸುಂಕದ ಕಟ್ಟೆಯನ್ನು ತಪ್ಪಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ನಡೆದ ವರ್ತಕನು ಬೆಳಗಾಗುವಾಗ ಸುಂಕದ ಕಟ್ಟೆಯ ಬಾಗಿಲಿನಲ್ಲಿಯೇ ನಿಂತಿದ್ದನಂತೆ. ರಾಜಕಾರಣವನ್ನು ತಪ್ಪಿಸುವೆವೆಂದು ಹೊರಟವರ ಪ್ರಯಾಣವೂ ಅಲ್ಲಿಗೇ ಮುಗಿಯಿತು.

೧೯೩೬ನೆಯ ಜೂನ್ ತಿಂಗಳ ಕೊನೆಯಲ್ಲಿ ಸ್ಟುಟ್‌ಗಾರ್ಟ್ ನಗರದ ಪಂದ್ಯದಲ್ಲಿ ಬೆರ್ಗ್‌ಮನ್ ೧.೬೦ ಮೀಟರು ದಾಟಿದಳು. ಅದು ಜರ್ಮನಿಯ ರಾಷ್ಟ್ರೀಯ ದಾಖಲೆಗೆ ಸಮನಾದ ಎತ್ತರ. ಮಹೋತ್ಸವಕ್ಕೆ ಉಳಿದಿದ್ದುದು ಇನ್ನು ಒಂದು ತಿಂಗಳು. ಅಳತೆಪಟ್ಟಿ ಸಾಕ್ಷಿ, ನೆರೆದ ಜನ ಸಾಕ್ಷಿ. ಜುಲೈ ೧೫ರಂದು ಅಮೆರಿಕದ ಆಟಗಾರರನ್ನು ಹೊತ್ತ ಹಡಗು ನ್ಯೂಯಾರ್ಕಿನ ರೇವಿನಿಂದ ಹೊರಟಿತು. ಜರ್ಮನಿಯ ಅಧಿಕಾರಿಗಳು ಬೆರ್ಗ್‌ಮನ್ನಳಿಗೆ ಬರೆದ ಕಾಗದದ ತಾರೀಖು ಜುಲೈ ೧೬. ಹಡಗು ನಡುಗಡಲನ್ನು ಸೇರಿದ ಮೇಲೆ ವಚನಕ್ಕೆ ಇನ್ನೇನು ಬೆಲೆ? ಈಚಿನ ಸಾಮರ್ಥ್ಯವನ್ನು ನೋಡಿದರೆ ಆಯ್ಕೆಯಾಗುವ ನಿರೀಕ್ಷೆ ಆಕೆಗೂ ಇದ್ದಿರಲಾರದೆಂದು ಆ ಕಾಗದದಲ್ಲಿ ಬರೆದಿದ್ದಿತು. ಬೇಕಾದರೆ ನಿಂತು ನೋಡುವ ಜಾಗದ ಟಿಕೀಟನ್ನು ಕೊಡಲಾಗುವುದು, ಪ್ರಯಾಣದ ಮತ್ತು ವಸತಿಯ ವೆಚ್ಚವನ್ನು ಮಾತ್ರ ಕೊಡಲಾಗದು ಎಂಬ ಔದಾರ್ಯವೂ ಅದರಲ್ಲಿದ್ದಿತು. ದಾಖಲೆಯನ್ನು ಮುಟ್ಟಿ ಮೂರು ವಾರವೂ ಕಳೆದಿರಲಿಲ್ಲ. ಕೋಲು ಆಡಿದ ಸತ್ಯವನ್ನು ಕಾಗದ ಸುಳ್ಳು ಮಾಡಿತು.

ಒಂದು ದೇಶಕ್ಕೆ ಆ ಪಂದ್ಯದಲ್ಲಿ ಮೂವರನ್ನು ಇಳಿಸುವ ಅಧಿಕಾರವಿದ್ದಿತು. ಜರ್ಮನಿಯವರು ಇಳಿಸಿದುದು ಇಬ್ಬರನ್ನು: ಎಲ್‌ಫ್ರೀಡೆ ಕೌನ್ ಮತ್ತು ಡೋರಾ ರಾಟ್ಯೆನ್. ಮೂರನೆಯ ಸ್ಥಾನವನ್ನು ಖಾಲಿಯಾಗಿಯೇ ಬಿಟ್ಟರು. ಬೆರ್ಗ್‌ಮನ್ನಳಿಗೆ ಗಾಯವಾಗಿದೆಯೆಂದು ಜೊತೆಯವರಿಗೆ ಹೇಳಲಾಯಿತು. ಆಗಸ್ಟ್ ೯ರಂದು ಪಂದ್ಯ ನಡೆಯಿತು. ಹಂಗೆರಿಯ ಇಬೊಲ್ಯಾ ಚಾಕ್, ಇಂಗ್ಲೆಂಡಿನ ಡೊರೊಥಿ ಓಡಮ್, ಜರ್ಮನಿಯ ಕೌನ್, ಈ ಮೂವರೂ ೧.೬೦ ಮೀಟರು ದಾಟಿದರು. ಸಮಸ್ಪರ್ಧಿಗಳನ್ನು ಬೇರ್ಪಡಿಸುವುದಕ್ಕಾಗಿ ನಡೆದ ಮರುಜಿಗಿತದಲ್ಲಿ ಚಾಕ್ ೧.೬೨ ಮೀಟರು ದಾಟಿ ಸ್ವರ್ಣಪದಕವನ್ನು ಪಡೆದಳು. ಪದಕ ಪಡೆದ ಮೂವರ ಎತ್ತರವೂ, ಸಾಮರ್ಥ್ಯ ಸಾಲದೆಂದು ಮನೆಯಲ್ಲಿ ಕುಳ್ಳಿರಿಸಲ್ಪಟ್ಟವಳ ಎತ್ತರವೂ ಒಂದೇ.

ಇದು ವೃತ್ತಾಂತ. ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರೀಕ್ಷಿಸತಕ್ಕುದು.

ಮೊದಲನೆಯ ಪೂರ್ವಪಕ್ಷ: ಸ್ಟುಟ್‌ಗಾರ್ಟಿನಲ್ಲಿ ದಾಟಿದುದನ್ನು ಬರ್ಲಿನ್ನಿನಲ್ಲಿಯೂ ದಾಟುತ್ತಿದ್ದಳೆಂಬುದಕ್ಕೆ ಪ್ರಮಾಣವೇನು? ಗಾಳಿಯುಂಟು, ಮಳೆಯುಂಟು, ಲಕ್ಷ ಜನರ ಕಣ್ಣುಗಳ ಭಾರವುಂಟು, ಆಕೆ ಸೋತೇಬಿಡಬಹುದಾಗಿತ್ತು, ಆದುದರಿಂದ ನಷ್ಟವಾಯಿತೆಂದು ಹೇಳಲಾಗದು ಎಂದು ಇವರು ವಾದಿಸುವರು. ಇದಕ್ಕೆ ಸಮಾಧಾನ: ಸೋಲಬಹುದಾಗಿತ್ತೆಂಬುದು ನಿಜ. ಸೋಲುವುದೂ ಆಕೆಯ ಹಕ್ಕೇ ಆಗಿದ್ದಿತು. ಯಾರಿಗೂ ಗೆಲ್ಲುವ ಹಕ್ಕಿಲ್ಲ. ಅರ್ಹರೆಲ್ಲರಿಗೂ ಪರೀಕ್ಷೆಗೆ ನಿಲ್ಲುವ ಹಕ್ಕುಂಟು. ಭಾರತದಲ್ಲಿ ಕುಮಾರರ ಅಸ್ತ್ರಪ್ರದರ್ಶನದ ರಂಗಕ್ಕೆ ಕರ್ಣನು ಬಂದು ಅರ್ಜುನನನ್ನು ಕರೆದಾಗ, ಕೃಪಾಚಾರ್ಯನು ಕೇಳಿದುದು ಬಿಲ್ಲಿನ ಪ್ರಶ್ನೆಯನ್ನಲ್ಲ, ಕುಲದ ಪ್ರಶ್ನೆಯನ್ನು. ಅಂದು ಕರ್ಣನು ಅರ್ಜುನನನ್ನು ಗೆಲ್ಲುತ್ತಿದ್ದನೇ ಎಂದು ಲೆಕ್ಕ ಹಾಕುತ್ತ ಕುಳಿತವನಿಗೆ ಆ ಪ್ರಸಂಗದ ನೋವು ತಿಳಿದಿಲ್ಲವೆಂದೇ ಹೇಳಬೇಕು. ಕರ್ಣನು ತಲೆ ತಗ್ಗಿಸಿದುದು ಸೋತುದಕ್ಕಲ್ಲ. ಬಿಲ್ಲನ್ನು ಎತ್ತಗೊಡದೆ ಹೋದುದಕ್ಕೆ. ಬೆರ್ಗ್‌ಮನ್ನಳಿಂದ ಕದ್ದುದು ಪದಕವಲ್ಲ, ಜಿಗಿತ. ಪದಕ ಆಕೆಯದಾಗಿತ್ತೆಂದು ವಾದಿಸುವ ಆಕೆಯ ಸ್ನೇಹಿತರೂ ಈ ಅಂಶವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ವಾದದಿಂದ ಚಾಕಳ ನ್ಯಾಯವಾದ ಗೆಲುವಿಗೆ ಕಳಂಕವನ್ನು ಹಚ್ಚಿದಂತಾಗುವುದೇ ಹೊರತು ಬೆರ್ಗ್‌ಮನ್ನಳ ಅಳಲು ಒಂದು ಎಳೆಯಷ್ಟೂ ದೊಡ್ಡದಾಗುವುದಿಲ್ಲ.

ಎರಡನೆಯ ಪೂರ್ವಪಕ್ಷ: ಗೆದ್ದ ಚಾಕಳೂ ಯೆಹೂದ್ಯ ವಂಶದವಳೇ, ತಂದೆಯ ಕಡೆಯಿಂದ ಯೆಹೂದ್ಯಳಾದ ಕತ್ತಿವರಸೆಯ ಹೆಲೆನೆ ಮೈಯರ್ ಜರ್ಮನಿಯ ತಂಡದಲ್ಲಿಯೇ ಇದ್ದು ರಜತಪದಕವನ್ನು ಗೆದ್ದಳು, ಹೀಗಿರುವಾಗ ಪಕ್ಷಪಾತವೆಲ್ಲಿ? ಇದು ಹೇತ್ವಾಭಾಸ. ಚಾಕಳನ್ನು ಕಳುಹಿಸಿದುದು ಹಂಗೆರಿ. ಆಕೆಯನ್ನು ತಡೆಯುವ ಅಧಿಕಾರ ಬರ್ಲಿನ್ನಿನವರಿಗೆ ಇರಲಿಲ್ಲ. ಆಕೆಯ ಗೆಲುವು ಒಂದನ್ನು ಮಾತ್ರ ಸ್ಥಾಪಿಸುವುದು: ಕೋಲಿನ ಬಳಿಗೆ ಬರಗೊಟ್ಟರೆ ಕೋಲು ಪಕ್ಷಪಾತ ಮಾಡದು. ಇನ್ನು ಮೈಯರಳನ್ನು ಸೇರಿಸಿಕೊಂಡುದು ಬೆರ್ಗ್‌ಮನ್ನಳನ್ನು ಶಿಬಿರದಲ್ಲಿ ಇರಿಸಿಕೊಂಡ ಉದ್ದೇಶದಿಂದಲೇ, ಎಂದರೆ ಪರದೇಶದವರ ಬಾಯಿಯನ್ನು ಕಟ್ಟುವುದಕ್ಕಾಗಿ. ಅಂಗಡಿಯ ಮುಂದೆ ಒಂದು ಮೂಟೆ ಒಳ್ಳೆಯ ಅಕ್ಕಿಯನ್ನು ತೆರೆದಿಟ್ಟು ಒಳಗೆ ಕಲ್ಲು ಬೆರಸಿದುದನ್ನು ಮಾರುವ ವರ್ತಕನು, ಮುಂದಿನ ಮೂಟೆಯನ್ನು ತೋರಿಸಿ ತಾನು ಪ್ರಾಮಾಣಿಕನೆನ್ನುವನು. ಅನ್ನ ಬೆಂದಿದೆಯೇ ಎಂದು ನೋಡುವುದಕ್ಕೆ ಒಂದು ಅಗುಳು ಸಾಕೆಂಬ ಸ್ಥಾಲೀಪುಲಾಕನ್ಯಾಯ ಇಲ್ಲಿ ಸಲ್ಲದು; ಏಕೆಂದರೆ ಆ ಅಗುಳನ್ನು ಬೇರೆಯಾಗಿ ಬೇಯಿಸಿ ಮೇಲಿರಿಸಲಾಗಿತ್ತು.

ಮೂರನೆಯದು ವಿರೋಧಿಗಳ ಪಕ್ಷವಲ್ಲ, ಅಭಿಮಾನಿಗಳದು, ಆದರೂ ಖಂಡಿಸತಕ್ಕುದೇ. ಬರ್ಲಿನ್ನಿನಲ್ಲಿ ೧.೫೮ ಮೀಟರು ದಾಟಿ ನಾಲ್ಕನೆಯ ಸ್ಥಾನ ಪಡೆದ ಡೋರಾ ರಾಟ್ಯೆನ್ ೧೯೩೮ರಲ್ಲಿ ವಿಯೆನ್ನಾದಿಂದ ಹಿಂದಿರುಗುವಾಗ ಪೊಲೀಸರ ವಿಚಾರಣೆಗೆ ಸಿಕ್ಕಿ ಪುರುಷನೆಂದು ನಿರ್ಣಯಿಸಲ್ಪಟ್ಟನು. ಅವನು ಯೂರೋಪಿನ ಪಂದ್ಯದಲ್ಲಿ ಗೆದ್ದಿದ್ದ ಸ್ವರ್ಣಪದಕ ಚಾಕಳಿಗೆ ಸಂದಿತು. ಇದನ್ನು ಹಿಡಿದುಕೊಂಡು, ಬೆರ್ಗ್‌ಮನ್ನಳ ಸ್ಥಾನವನ್ನು ಕಸಿಯುವುದಕ್ಕೆಂದೇ ನಾಜಿಗಳು ತಿಳಿದೂ ತಿಳಿದೂ ಒಬ್ಬ ಗಂಡಸಿಗೆ ಹೆಣ್ಣಿನ ವೇಷ ಹಾಕಿಸಿದರೆಂದು ಕಥೆ ಕಟ್ಟಿದರು. ೨೦೦೯ರಲ್ಲಿ ತೆರೆಕಂಡ ‘ಬರ್ಲಿನ್ ೩೬’ ಎಂಬ ಚಲನಚಿತ್ರವೂ ಅದೇ ದಾರಿಯಲ್ಲಿ ನಡೆಯಿತು. ಆದರೆ ಅದೇ ವರ್ಷ ಜರ್ಮನಿಯ ಪತ್ರಿಕೆಯೊಂದು ಹಳೆಯ ಪೊಲೀಸ್ ಮತ್ತು ವೈದ್ಯಕೀಯ ಪತ್ರಗಳನ್ನು ಶೋಧಿಸಿ ಪ್ರಕಟಿಸಿದುದರಲ್ಲಿ ಅಂಥ ಸಂಚಿಗೆ ಆಧಾರ ದೊರೆಯಲಿಲ್ಲ. ಹುಟ್ಟಿದಾಗ ಸೂಲಗಿತ್ತಿಯ ಗೊಂದಲದಿಂದ ಹೆಣ್ಣೆಂದು ಹೆಸರಿಡಲ್ಪಟ್ಟು, ಹೆಣ್ಣೆಂದೇ ಬೆಳೆಸಲ್ಪಟ್ಟು, ತನ್ನ ಸಂಶಯವನ್ನು ಯಾರಲ್ಲಿಯೂ ಹೇಳಿಕೊಳ್ಳಲಾರದೆ ಬದುಕಿದ ಜೀವ ಅದು. ಒಬ್ಬಳಿಗಾದ ಅನ್ಯಾಯವನ್ನು ಎತ್ತಿ ಹೇಳುವುದಕ್ಕಾಗಿ ಮತ್ತೊಂದು ನೊಂದ ಜೀವವನ್ನು ಪರಿಹಾಸದ ವಸ್ತುವನ್ನಾಗಿ ಮಾಡುವುದು ಯಾವ ಧರ್ಮ? ಸಾಲದುದಕ್ಕೆ ಆ ಕಥೆಯಿಂದ ನಾಜಿಗಳಿಗೇ ಉಪಕಾರವಾಗುವುದು. ಬೆರ್ಗ್‌ಮನ್ನಳನ್ನು ತಡೆಯುವುದಕ್ಕೆ ಅವರಿಗೆ ಅದ್ಭುತವಾದ ಸಂಚೊಂದು ಬೇಕಾಯಿತೆಂದು ಕೇಳಿದವರು ಭಾವಿಸುವರು. ಬೇಕಾದುದು ಒಂದು ಕಾಗದ ಮಾತ್ರ. ಮೇಜಿನ ಮುಂದೆ ಕುಳಿತ ಒಬ್ಬ ಗುಮಾಸ್ತನು ಅರ್ಧಗಳಿಗೆಯಲ್ಲಿ ಬರೆದು ಮುಗಿಸಬಹುದಾದಷ್ಟು ಸುಲಭವಾಗಿದ್ದಿತು ಆ ಅನ್ಯಾಯ. ಅದರ ಭಯಂಕರತೆ ಇರುವುದೂ ಅಲ್ಲಿಯೇ. ಸತ್ಯಕ್ಕೆ ಒಡವೆ ತೊಡಿಸಹೊರಟವರು ಮೊದಲು ಅದರ ಕಿವಿಯನ್ನು ಹರಿಯುವರು.

ನಾಲ್ಕನೆಯ ಪೂರ್ವಪಕ್ಷ ಎಲ್ಲಕ್ಕಿಂತಲೂ ನಯವಾದುದು. ಜರ್ಮನಿಯ ಕ್ರೀಡಾಸಂಘಟನೆ ೨೦೦೯ನೆಯ ನವೆಂಬರಿನಲ್ಲಿ ಆಕೆಯ ೧.೬೦ ಮೀಟರಿನ ದಾಖಲೆಯನ್ನು ತನ್ನ ಪಟ್ಟಿಯಲ್ಲಿ ಮರಳಿ ಸೇರಿಸಿತು. ಅದಕ್ಕೂ ಮೊದಲು ೧೯೯೯ರಲ್ಲಿ ಹುಟ್ಟೂರಾದ ಲೌಪ್‌ಹೈಮಿನ ಕ್ರೀಡಾಂಗಣಕ್ಕೆ ಆಕೆಯ ಹೆಸರನ್ನಿಟ್ಟರು. ಇನ್ನೇನು ಬೇಕು, ಲೆಕ್ಕ ಚುಕ್ತಾ ಆಯಿತಲ್ಲವೇ ಎಂದು ಇವರು ಕೇಳುವರು. ತಪ್ಪನ್ನು ಒಪ್ಪಿಕೊಂಡುದು ಒಳ್ಳೆಯದೇ. ಒಪ್ಪಿಕೊಳ್ಳದವರೇ ಲೋಕದಲ್ಲಿ ಹೆಚ್ಚು. ಆದರೆ ಲೆಕ್ಕವನ್ನು ಸರಿಯಾಗಿ ಮಾಡಬೇಕು. ೧೯೩೬ರಿಂದ ೨೦೦೯ಕ್ಕೆ ಎಪ್ಪತ್ತಮೂರು ವರ್ಷ. ದಾಖಲೆಯನ್ನು ಹಿಂದಿರುಗಿಸುವಾಗ ಆಕೆಗೆ ತೊಂಬತ್ತೈದು. ಆ ನಡುವಣ ಕಾಲದಲ್ಲಿ ಆಕೆ ೧೯೩೭ರಲ್ಲಿ ಅಮೆರಿಕಕ್ಕೆ ಹೋಗಿ, ಮನೆಗೆಲಸ ಮುಂತಾದ ಸಿಕ್ಕಿದ ಕೆಲಸವನ್ನು ಮಾಡಿ ಹೊಟ್ಟೆ ಹೊರೆದಳು. ಆ ವರ್ಷವೇ ಅಲ್ಲಿಯ ರಾಷ್ಟ್ರೀಯ ಪಂದ್ಯದಲ್ಲಿ ಎತ್ತರ ಜಿಗಿತದಲ್ಲಿಯೂ ಗುಂಡೆಸೆತದಲ್ಲಿಯೂ ಗೆದ್ದಳು. ೧೯೩೮ರಲ್ಲಿ ಎತ್ತರ ಜಿಗಿತದಲ್ಲಿ ಮತ್ತೆ ಗೆದ್ದಳು. ವೈದ್ಯನಾದ ಬ್ರೂನೊ ಲ್ಯಾಂಬರ್ಟನನ್ನು ವಿವಾಹವಾಗಿ ಮಾರ್ಗರೆಟ್ ಲ್ಯಾಂಬರ್ಟಳಾದಳು. ೧೯೩೯ರಲ್ಲಿ ಮಹಾಯುದ್ಧ ಮೊದಲಾಯಿತು. ಆಕೆಯ ಆಟ ಮುಗಿಯಿತು. ೧೯೪೦ರಲ್ಲಿಯೂ ೧೯೪೪ರಲ್ಲಿಯೂ ಒಲಿಂಪಿಕ್ ಮಹೋತ್ಸವವೇ ನಡೆಯಲಿಲ್ಲ. ಜಿಗಿಯುವವಳ ಕಾಲಿನ ಕಸುವಿಗೆ ಆಯುಷ್ಯ ಕೆಲವೇ ವರ್ಷ. ಕದ್ದ ಒಡವೆಯನ್ನ ಎಪ್ಪತ್ತು ವರ್ಷದ ಮೇಲೆ ಹಿಂದಿರುಗಿಸಿದರೆ ಒಡವೆಯಾದರೂ ದೊರೆಯಿತು. ಕದ್ದ ಯೌವನವನ್ನು ಯಾವ ಪಟ್ಟಿಯಲ್ಲಿ ಬರೆದು ಹಿಂದಿರುಗಿಸುವರು? ಇಪ್ಪತ್ತೆರಡರ ಕಾಲುಗಳಿಗೆ ಸಲ್ಲಬೇಕಾದುದನ್ನು ತೊಂಬತ್ತೈದರ ಕೈಗಳಿಗೆ ಕೊಟ್ಟು ಚುಕ್ತಾ ಎನ್ನುವುದು ಲೆಕ್ಕವಲ್ಲ. ಆಕೆ ೨೦೧೭ನೆಯ ಜುಲೈ ೨೫ರಂದು ನ್ಯೂಯಾರ್ಕಿನಲ್ಲಿ ನೂರಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇಷ್ಟನ್ನೂ ಓದಿ, ಇದೆಲ್ಲವೂ ನಾಜಿಗಳ ದುಷ್ಟತನ, ಅವರು ಹೋದರು, ಕೇಡೂ ಹೋಯಿತು ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಬೆರ್ಗ್‌ಮನ್ನಳಿಗೆ ಆಶ್ರಯವಿತ್ತ ಅಮೆರಿಕದತ್ತಲೇ ಅವರು ನೋಡಲಿ. ಆಕೆ ೧೯೩೮ರಲ್ಲಿ ಗೆದ್ದ ರಾಷ್ಟ್ರೀಯ ಪದವಿಯನ್ನು ೧೯೩೯ರಲ್ಲಿ ಗೆದ್ದವಳು ಜಾರ್ಜಿಯಾ ಪ್ರಾಂತದ ಕರಿಯ ಹುಡುಗಿ ಆಲಿಸ್ ಕೋಚ್‌ಮನ್. ೧೯೪೮ರವರೆಗೆ ಹತ್ತು ವರ್ಷ ಸತತವಾಗಿ ಅದು ಅವಳದೇ ಆಯಿತು. ಬಿಳಿಯರ ಆಟದ ಬಯಲುಗಳಲ್ಲಿ ಅವಳಿಗೆ ಪ್ರವೇಶವಿರಲಿಲ್ಲ. ಹಳ್ಳಿಯ ಮಣ್ಣುಹಾದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಬೆಳೆದಳು. ೧೯೪೮ರಲ್ಲಿ ಲಂಡನ್ನಿನಲ್ಲಿ ೧.೬೮ ಮೀಟರು ದಾಟಿ ಒಲಿಂಪಿಕ್ ಸ್ವರ್ಣಪದಕವನ್ನು ಗೆದ್ದ ಮೊದಲ ಕರಿಯ ಸ್ತ್ರೀಯಾದಳು. ಬರ್ಲಿನ್ನಿನಲ್ಲಿ ಎರಡನೆಯವಳಾಗಿದ್ದ ಡೊರೊಥಿ ಓಡಮ್, ಟೈಲರ್ ಎಂಬ ಗಂಡನ ಮನೆಯ ಹೆಸರಿನಿಂದ, ಅದೇ ಎತ್ತರವನ್ನು ದಾಟಿ ಇಲ್ಲಿಯೂ ಎರಡನೆಯವಳಾದಳು. ಕೋಚ್‌ಮನ್ನಳು ಊರಿಗೆ ಹಿಂದಿರುಗಿದಾಗ ನಡೆದ ಸನ್ಮಾನಸಭೆಯಲ್ಲಿ ಕರಿಯರೂ ಬಿಳಿಯರೂ ಬೇರೆ ಬೇರೆಯಾಗಿ ಕುಳಿತಿದ್ದರು. ಯುದ್ಧ ತಿಂದುಹಾಕಿದ ಆ ಎರಡು ಮಹೋತ್ಸವಗಳ ಲೆಕ್ಕ ಅವಳಿಗೂ ಉಂಟು. ಇವಳಿಗೆ ಅಡ್ಡಗಾಲು ಹಾಕಿದವರು ನಾಜಿಗಳಲ್ಲ.

ಬ್ರಂಡೇಜನಾದರೂ ಕಲಿತನೇ? ಅವನು ೧೯೫೨ರಿಂದ ೧೯೭೨ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೇ ಅಧ್ಯಕ್ಷನಾಗಿದ್ದನು. ಅವನ ಕಡೆಯ ಮಹೋತ್ಸವ ನಡೆದುದು ಮತ್ತೆ ಜರ್ಮನಿಯಲ್ಲಿ, ಮ್ಯೂನಿಕ್ ನಗರದಲ್ಲಿ. ೧೯೭೨ನೆಯ ಸೆಪ್ಟೆಂಬರ್ ೪ರಂದು ಅಲ್ಲಿ ಹದಿನಾರು ವರ್ಷದ ಉಲ್ರಿಕೆ ಮೈಫಾರ್ಟ್ ಎಂಬ ಶಾಲಾಬಾಲಿಕೆ ೧.೯೨ ಮೀಟರು ದಾಟಿ, ವಿಶ್ವದಾಖಲೆಯನ್ನು ಸರಿಗಟ್ಟಿ, ಸ್ತ್ರೀಯರ ಎತ್ತರ ಜಿಗಿತದಲ್ಲಿ ಜರ್ಮನಿಗೆ ಮೊದಲ ಸ್ವರ್ಣಪದಕವನ್ನು ತಂದಳು. ಮೂವತ್ತಾರು ವರ್ಷ ಮೊದಲು ಅದೇ ದೇಶ ತನ್ನ ಒಬ್ಬ ಮಗಳಿಗೆ ಪ್ರಯತ್ನಿಸಲೂ ಬಿಡದೆ ಹೋದ ಪಂದ್ಯವದು. ಆ ಸಂತೋಷ ಒಂದು ರಾತ್ರಿ ಉಳಿಯಿತು. ಮರುದಿನ ನಸುಕಿನಲ್ಲಿ ಆಯುಧಪಾಣಿಗಳು ಆಟಗಾರರ ಬಿಡಾರಕ್ಕೆ ನುಗ್ಗಿದರು. ಇಸ್ರೇಲ್ ದೇಶದ ಆಟಗಾರರೂ ತರಬೇತುದಾರರೂ ಕೂಡಿ ಹನ್ನೊಂದು ಮಂದಿ ಪ್ರಾಣವನ್ನು ಕಳೆದುಕೊಂಡರು. ಆಟಗಳು ನಡೆಯತಕ್ಕುವೆಂದು ಅಧ್ಯಕ್ಷನು ಸಾರಿದನು. ಗೋಡೆ ಕಟ್ಟಿ ಹೊರಗಿಟ್ಟೆವೆಂದುಕೊಂಡುದು ಗೋಡೆ ಹಾರಿ ಒಳಗೆ ಬಂದಿತ್ತು. ಇಂದಿನ ದಾಖಲೆಯ ಒಡತಿಯಾದ ಮಹೂಚಿಖಳೂ ೨೦೨೨ರಲ್ಲಿ ತನ್ನೂರಾದ ನಿಪ್ರೊವನ್ನು ಯುದ್ಧದ ನಡುವೆ ಬಿಟ್ಟು, ಮೂರು ದಿನ ಮೋಟಾರಿನಲ್ಲಿ ಪ್ರಯಾಣಮಾಡಿ ಬೆಲ್‌ಗ್ರೇಡ್ ನಗರವನ್ನು ಸೇರಿ, ಅಲ್ಲಿಯ ವಿಶ್ವಸ್ಪರ್ಧೆಯಲ್ಲಿ ೨.೦೨ ಮೀಟರು ದಾಟಿ ಗೆದ್ದಳು. ಆಟಕ್ಕೂ ರಾಜಕಾರಣಕ್ಕೂ ಸಂಬಂಧವಿಲ್ಲವೆಂದು ಆ ಮೂರು ದಿನದ ಹಾದಿಯಲ್ಲಿ ಅವಳಿಗೆ ಹೇಳಬಲ್ಲವರು ಯಾರು?

ಹಾಗಾದರೆ ಸಿದ್ಧಾಂತವೇನು? ಆಟದ ಬಯಲನ್ನು ಪಕ್ಷಗಳ ಕಾಳಗದ ಬಯಲನ್ನಾಗಿ ಮಾಡಬೇಕೆಂದಲ್ಲ. ಬಯಲಿನ ಒಳಗೆ ಕೋಲಿನ ತೀರ್ಪೇ ಕಡೆಯ ತೀರ್ಪಾಗಿರಲಿ. ಅದರಷ್ಟು ಶುದ್ಧವಾದ ತೀರ್ಪು ಲೋಕದಲ್ಲಿ ಅಪೂರ್ವ. ಆದರೆ ಬಯಲಿನ ಬಾಗಿಲಿನಲ್ಲಿ ಕುಳಿತು ಪಟ್ಟಿಯನ್ನು ಬರೆಯುವವರು ಮನುಷ್ಯರು. ಅವರ ಕೈಗೆ ಕೋಲಿನ ಪರಿಶುದ್ಧತೆ ತಾನಾಗಿ ಅಂಟದು. ಆದುದರಿಂದ ಆಯ್ಕೆಯ ಅಳತೆಯನ್ನು ಮುಂಚಿತವಾಗಿಯೇ ಸಾರತಕ್ಕುದು. ಅದನ್ನು ದಾಟಿದವರ ಹೆಸರನ್ನು ಬಿಡುವುದಾದರೆ ಕಾರಣವನ್ನು ಬಹಿರಂಗವಾಗಿ ಹೇಳತಕ್ಕುದು. ಆ ಕಾರಣವನ್ನು ಪ್ರಶ್ನಿಸುವುದಕ್ಕೆ ಹಡಗು ಹೊರಡುವ ಮೊದಲೇ ಅವಕಾಶವನ್ನು ಕೊಡತಕ್ಕುದು. ಹಡಗು ಹೊರಟ ಮರುದಿನದ ಕಾಗದಕ್ಕೂ, ಎಪ್ಪತ್ತಮೂರು ವರ್ಷದ ಮೇಲಣ ಕಾಗದಕ್ಕೂ ಒಂದೇ ದೋಷ: ಎರಡೂ ಹೊತ್ತು ಮೀರಿ ಬಂದವು. ಮೊದಲನೆಯದು ಬೇಕೆಂದು ತಡವಾಯಿತು. ಎರಡನೆಯದು ನಾಚಿಕೆಯಿಂದ ತಡವಾಯಿತು.

ರಾಜಕಾರಣ ಬೇಡವೆನ್ನುವ ಮಹನೀಯರು ಮುಂದಿನ ಸಲ ಆ ಮಾತನ್ನು ಆಡುವಾಗ, ಬರ್ಲಿನ್ನಿನ ಆ ಪಟ್ಟಿಯನ್ನು ಒಮ್ಮೆ ಎದುರಿಗೆ ಇಟ್ಟುಕೊಳ್ಳಲಿ. ಮೊದಲನೆಯ ಹೆಸರು, ಎರಡನೆಯ ಹೆಸರು; ಮೂರನೆಯದು ಇಲ್ಲ. ೧.೬೦ ಮೀಟರು ದಾಟಬಲ್ಲ ಒಬ್ಬಳು ಆ ದಿನ ಜರ್ಮನಿಯಲ್ಲಿಯೇ ಇದ್ದಳು, ಆಕೆಗೆ ಯಾವ ಗಾಯವೂ ಆಗಿರಲಿಲ್ಲ. ಆ ಸ್ಥಾನವನ್ನು ಖಾಲಿ ಬಿಟ್ಟವರು ಯಾರು, ಅದು ಖಾಲಿಯಾಗುವುದನ್ನು ನೋಡಿಯೂ ನೋಡದಂತೆ ಹಡಗು ಹತ್ತಿದವರು ಯಾರು ಎಂಬುದಕ್ಕೆ ಅವರು ಉತ್ತರವನ್ನು ಕೊಡಲಿ. ಆಮೇಲೆ ಸುಭಾಷಿತವನ್ನು ಹೇಳಲಿ.